ಅಕ್ಕವ್ವನ ಹನ್ನೊಂದು ತಗಡು

ನಮ್ಮ ಮಂಡಲ ಪಂಚಾಯತಿಯ ಪ್ರಧಾನರಿಗೆ,

ಮಾನ್ಯರೇ, ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪುತ್ತದೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ಆದರೆ ಹೋದ ತಿಂಗಳು ಇದೇ ಸೊಟ್ಟ ಅಕ್ಷರದ ಸಹಿ ನಿಮಗೆ ಬೇಕಾಗಿತ್ತು. ಆಗ ಅದು ನಿಮ್ಮ ಕಣ್ಣಿಗೆ ನೆಟ್ಟಗೇ ಕಂಡಿತು. ಅದೇ ಸಹಿಯ ಮೇಲೆ ನೀವು ಬಿರುಗಾಳಿಯ ಕಸ ತೆಗೆಯಲು ಗುತ್ತಿಗೆದಾರನನ್ನು ನಮ್ಮ ಓಣಿಗೆ ಕಳಿಸಿದಿರಿ. ಅವನು ಕಸ ಬಿಟ್ಟು ನಮ್ಮ ಮನೆಗಳ ಚಾವಣಿ ಒಯ್ದ. ಇದೇ ನನ್ನ ದೂರು. ಇದನ್ನು ಹೇಳಲು ಮೂರು ಸಲ ನಿಮ್ಮ ಆಫೀಸಿನ ಬಾಗಿಲಿಗೆ ಬಂದೆ. ಮೂರು ಸಲವೂ ಹೊಸ್ತಿಲಿಂದಲೇ ತಿರುಗಿ ಹೋದೆ. ಅದಕ್ಕೇ ಚಿಕ್ಕೋಡಿಯ ವಾರಪತ್ರಿಕೆಗೆ ಬರೆದು ಕೊಡುತ್ತಿದ್ದೇನೆ.

ಗಾಳಿ ಬಂದರೆ ನಮ್ಮೂರಲ್ಲಿ ಏನು ಮಾಡುತ್ತಾರೆಂದು ನಿಮಗೆ ಗೊತ್ತಿಲ್ಲದ್ದಲ್ಲ, ನೀವೂ ಇದೇ ಊರಿನವರು. ತಗಡು ಹಾರಿ ಯಾರ ಹೊಲದಲ್ಲೇ ಬೀಳಲಿ, ಅವರು ಅದನ್ನು ತಂದು ಹನುಮಪ್ಪನ ಕಟ್ಟೆಗೆ ಆನಿಸಿ ಇಡುತ್ತಾರೆ. ಯಾರೂ ಮನೆಗೆ ಒಯ್ಯುವುದಿಲ್ಲ. ತಗಡು ನನ್ನದು ಎಂದವರು ಅದನ್ನು ತಮ್ಮ ಮನೆಯ ಜಂತಿಯ ಮೇಲೆ ಇಟ್ಟು ತೋರಿಸಬೇಕು. ಮೊಳೆಯ ತೂತಿಗೆ ತೂತು ಕೂಡಿದರೆ ಅವರದು, ಕೂಡದಿದ್ದರೆ ಮತ್ತೆ ಕಟ್ಟೆಗೆ. ಇದಕ್ಕೆ ಕಾಗದ ಬೇಕಿಲ್ಲ, ಪಂಚರು ಬೇಕಿಲ್ಲ. ಈ ಸಲವೂ ಮರುದಿನ ಬೆಳಗಾಗುವುದರಲ್ಲಿ ಕಟ್ಟೆಯ ಸುತ್ತ ತಗಡು ನಿಂತಿದ್ದವು. ನಮ್ಮ ನೆರೆಮನೆಯ ಅಕ್ಕವ್ವ ಕಾಕೂನ ಹನ್ನೊಂದೂ ಸಿಕ್ಕಿದ್ದವು. ಅವಳ ಮೈದುನ ಭರಮು ಏಣಿಯನ್ನೂ ಹಚ್ಚಿದ್ದ.

ಆಗ ನೀವು ಬಂದಿರಿ. ಕಟ್ಟೆಯ ಮೇಲೆ ನಿಂತು, ಪಂಚನಾಮೆ ಆಗುವ ತನಕ ಯಾರೂ ಏನೂ ಮುಟ್ಟಬಾರದು, ಮುಟ್ಟಿದರೆ ಸರಕಾರಕ್ಕೆ ಹಾನಿ ಕಾಣಿಸುವುದಿಲ್ಲ ಎಂದಿರಿ. ಮಂದಿ ಗುಸುಗುಸು ಮಾಡಿದರು. ಮುಂಗಾರಿನ ಮಿರಗದ ಮಳೆಗೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ. ನೀವು ನನ್ನನ್ನು ಹುಡುಕಿ ನೋಡಿದಿರಿ.

“ನೀ ಓದಿದಾಕಿ ಅಲ್ಲೇನವಾ? ನೀ ಹೇಳಿದ್ರ ಹೆಣ್ಮಕ್ಕಳು ಕೇಳ್ತಾರ.”

ಪ್ರಧಾನರೇ, ನನ್ನನ್ನು ಓದಿದವಳು ಎಂದು ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನು ಊರಿನ ಎರಡೂ ಓಣಿ ತಿರುಗಿ, ತಗಡು ಮುಟ್ಟಬೇಡಿ ಎಂದು ಹೇಳಿದೆ. ಅಕ್ಕವ್ವ ಕಾಕೂನ ಮಗಳು ಹೆರಿಗೆಗೆ ಬಂದಿದ್ದಳು, ದಿನ ತುಂಬಿದ್ದವು. ಕಾಕೂ ನನ್ನ ಮುಖ ನೋಡಿ, “ಖರೇನ ಕೆಂಪಿ? ನೀ ಅಂದ್ರ ಬಿಡ್ತೀನಿ” ಅಂದಳು. ನಾನು ಹೂಂ ಅಂದೆ. ಹಚ್ಚಿದ ಏಣಿಯನ್ನು ನಾನೇ ನಿಂತು ತೆಗೆಸಿದೆ.

ಮೂರನೆಯ ದಿನ ನಿಮ್ಮ ಕಾರ್ಯದರ್ಶಿಗಳು ಬಂದರು. ಊಟದ ಹೊತ್ತು, ಬಿಸಿಲು ಬಹಳ. ಮೇಲೆ ಪಂಚನಾಮೆಯನ್ನು ಆಫೀಸಿನಲ್ಲಿ ಕೂತು ಚೆಂದಾಗಿ ಬರೆಯುತ್ತೇವೆ, ಓಣಿಯವರ ಪರವಾಗಿ ನೀನು ಕೆಳಗೆ ಸಹಿ ಮಾಡು ಎಂದರು. ಹಾಳೆ ಖಾಲಿ ಇತ್ತು. ಬರೆದ ಮೇಲೆ ಮಾಡುತ್ತೇನೆ ಎನ್ನಬೇಕಿತ್ತು. ದೊಡ್ಡವರಿಗೆ ಹಾಗೆ ಹೇಳಲು ನಾಚಿಕೆಯಾಗಿ ಸಹಿ ಮಾಡಿಬಿಟ್ಟೆ. ನನ್ನ ತಪ್ಪು ಇದೊಂದೇ, ಇದನ್ನು ಒಪ್ಪುತ್ತೇನೆ. ನಿಮ್ಮದನ್ನು ನೀವು ಯಾವಾಗ ಒಪ್ಪುತ್ತೀರಿ?

ನಾಲ್ಕನೆಯ ದಿನ ಗುತ್ತಿಗೆದಾರನ ಟ್ರ್ಯಾಕ್ಟರ್ ಬಂತು. ಸಾಲಿಯ ದಾರಿಗೆ ಅಡ್ಡ ಬಿದ್ದ ಬೇವಿನ ಮರ ತೆಗೆಯಲು ಬಂದಿದೆ ಎಂದು ನಾವು ಖುಷಿಪಟ್ಟೆವು. ಮರದ ಹತ್ತಿರ ಅದು ನಿಲ್ಲಲೇ ಇಲ್ಲ. ನೇರ ಕಟ್ಟೆಗೆ ಹೋಗಿ ತಗಡು ಹೇರತೊಡಗಿತು. ನಾನು ಓಡಿಹೋಗಿ, ಇವು ಕಸ ಅಲ್ಲ, ಪಂಚನಾಮೆಗೆ ಇಟ್ಟದ್ದು ಎಂದೆ. ಗಾಡಿ ಹೊಡೆಯುವ ಲಗಮಣ್ಣ ಕೆಟ್ಟವನಲ್ಲ. ಕಿಸೆಯಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದ.

“ಕೆಳಗ ನಿಂದ ಸಹಿ ಐತಿ ನೋಡವಾ.”

ಮೇಲೆ ಚೆಂದಾಗಿಯೇ ಬರೆದಿದ್ದರು: ವಾರಸುದಾರರಿಲ್ಲದ ಹಾಳು ಸಾಮಾನು, ಗುತ್ತಿಗೆದಾರನು ಸಾಗಿಸತಕ್ಕದ್ದು. ಹನ್ನೆರಡು ಮನೆಯವರು ಕಣ್ಣೆದುರೇ ನಿಂತಿರುವಾಗ ವಾರಸುದಾರರಿಲ್ಲ ಎಂದು ಬರೆಯಲು ಎಷ್ಟನೆಯ ಇಯತ್ತೆ ಓದಿರಬೇಕು?

ಈಗ ಊರಿನ ಸ್ಥಿತಿ ಕೇಳಿ. ಬೇವಿನ ಮರ ಬಿದ್ದಲ್ಲೇ ಇದೆ. ಹುಡುಗರು ಅದರ ಕೆಳಗೆ ನುಸುಳಿ ಸಾಲಿಗೆ ಹೋಗುತ್ತಾರೆ. ಕಸ ತೆಗೆದದ್ದಾಗಿದೆ ಎಂದು ನೀವು ಠರಾವು ಮಾಡಿದ್ದೀರಂತೆ. ಮರಕ್ಕೆ ಯಾರೂ ತಿಳಿಸಿಲ್ಲ. ನೀರಿಗೆ ಹೋದರೆ ಕಾಶಿಬಾಯಿ ಕೊಡ ಸರಿಸಿ, “ಬಾಯಿಸಾಹೇಬ್ರು ಬಂದ್ರು, ಜಾಗಾ ಬಿಡ್ರಿ. ಬಾವಿಗೂ ಸಹಿ ಹಾಕ್ತಾರೇನೋ” ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಅವಳದೂ ಆರು ತಗಡು ಹೋಗಿವೆ.

ಅಕ್ಕವ್ವ ಕಾಕೂ ನಗುವುದಿಲ್ಲ, ಬೈಯುವುದೂ ಇಲ್ಲ. ಮಿರಗ ಕೂಡಿ ಮಳೆ ಹಿಡಿದು ಐದು ದಿನವಾಯಿತು. ಕಬ್ಬಿನ ಒಣಗರಿಯ ರವದಿ ಹೊದಿಸಿದ ಎಮ್ಮೆಯ ಛಪ್ಪರದಲ್ಲಿ ಬಾಣಂತಿಯನ್ನೂ ಹದಿನಾರು ದಿನದ ಕೂಸನ್ನೂ ಮಲಗಿಸಿದ್ದಾಳೆ. ರವದಿ ಸೋರುತ್ತದೆ, ಕೂಸಿಗೆ ನೆಗಡಿಯಾಗಿ ಮೊಲೆ ಹಿಡಿಯುತ್ತಿಲ್ಲ. ಮೊನ್ನೆ ನಾನು ಹೋದಾಗ ಕಾಕೂ ಸೆರಗಿನಿಂದ ಅದರ ತಲೆ ಒರೆಸುತ್ತ, ನನ್ನ ಕಡೆ ನೋಡದೆ ಅಂದಳು: “ನಿನ್ನ ಮಾತು ಕೇಳಿ ಬಿಟ್ನಲ್ಲ ತಂಗಿ. ತಗಡು ಕಣ್ಣ ಮುಂದನ ಇದ್ವು.”

ಆ ತಗಡು ಎಲ್ಲಿವೆ ಎಂದು ನನಗೆ ಗೊತ್ತಿದೆ. ಹೋದ ಗುರುವಾರ ಬೀಡಿ ಕೊಡಲು ನಿಪ್ಪಾಣಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡೆ. ನಿಮ್ಮ ಗುತ್ತಿಗೆದಾರನ ಮನೆಯ ಪಕ್ಕ ಹೊಸ ಶೆಡ್ಡು ಎದ್ದಿದೆ, ಮೇಲೆ ಕಾಕೂನ ತಗಡು. ಹೋದ ವರ್ಷ ಅವುಗಳಲ್ಲಿ ತುಕ್ಕು ತಿಂದ ತೂತಿಗೆ ಡಾಂಬರು ಕಾಯಿಸಿ ಮೆತ್ತಿದವಳು ನಾನೇ. ನಾನು ಮೆತ್ತಿದ್ದು ನನಗೆ ಗೊತ್ತಾಗುವುದಿಲ್ಲವೇ? ಶೆಡ್ಡಿನೊಳಗೆ ಅದೇ ಟ್ರ್ಯಾಕ್ಟರ್ ನಿಂತಿತ್ತು. ಅದು ನೆನೆಯುತ್ತಿಲ್ಲ, ನೀವು ಕಾಳಜಿ ಮಾಡಬೇಡಿ. ಅದಕ್ಕೆ ನೆಗಡಿಯೂ ಆಗಿಲ್ಲ.

ನಾವು ನಿಮ್ಮಿಂದ ಪರಿಹಾರ ಕೇಳುತ್ತಿಲ್ಲ. ಆ ತಗಡು ಇಳಿಸಿ ಕಟ್ಟೆಗೆ ತಂದು ಆನಿಸಿ. ನೀವೇ ಮುಂದೆ ನಿಂತುಕೊಳ್ಳಿ. ಮೊಳೆಯ ತೂತು ಕೂಡದ ಒಂದು ತಗಡನ್ನೂ ನಾವು ಮುಟ್ಟುವುದಿಲ್ಲ. ಬೇವಿನ ಮರ ನಿಮ್ಮಿಂದ ಆಗದಿದ್ದರೆ ಬಿಡಿ, ಎತ್ತು ಹೂಡಿ ನಾವೇ ಎಳೆಯುತ್ತೇವೆ. ಹಿಂದೆಲ್ಲ ಹಾಗೆಯೇ ಮಾಡುತ್ತಿದ್ದೆವು. ಈ ಸಲ ಕೈಕಟ್ಟಿ ಕೂತದ್ದು ನಿಮ್ಮ ಮಾತಿಗೆ ಬೆಲೆ ಕೊಟ್ಟು.

ಇವತ್ತು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಭರಮುನ ಏಣಿ ತಂದು, ಅವತ್ತು ತೆಗೆಸಿದ ಜಾಗದಲ್ಲೇ ಹಚ್ಚಿ ಅಕ್ಕವ್ವ ಕಾಕೂನ ಗೋಡೆ ಹತ್ತಿದೆ. ಬೀಡಿ ಕಟ್ಟುವ ದಾರವನ್ನು ಜಂತಿಯ ಉದ್ದಕ್ಕೂ ಹಿಡಿದು, ಮೊಳೆಯ ತೂತು ಇದ್ದಲ್ಲೆಲ್ಲ ಒಂದೊಂದು ಗಂಟು ಹಾಕಿದೆ. ಕಾಕೂ ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದಳು. ಆ ದಾರವನ್ನು ಸುತ್ತಿ ನಿಮ್ಮ ಆಫೀಸಿನ ಬಾಗಿಲ ಚಿಲಕಕ್ಕೆ ಕಟ್ಟಿ ಬಂದಿದ್ದೇನೆ. ಆ ಶೆಡ್ಡಿನ ತಗಡಿಗೆ ಹಿಡಿದು ನೋಡಿ, ಗಂಟಿಗೆ ತೂತು ಕೂಡುತ್ತದೆ.

ಇಂತಿ,
ಖಾಲಿ ಹಾಳೆಯ ಕೆಳಗೆ ಒಮ್ಮೆ, ಬರೆದು ತುಂಬಿದ ಹಾಳೆಯ ಕೆಳಗೆ ಈಗ ಸಹಿ ಮಾಡುತ್ತಿರುವ
ನೀವು ಹೇಳಿದ ಆ ಓದಿದಾಕಿ,
ಕೆಂಪವ್ವ