ಬಲತೋಳಿಲ್ಲದ ಅಂಗಿ

ತಂಗೀ,

ಎಡಗೈ ಅಕ್ಷರ, ಬೈದುಕೊಳ್ಳದೆ ಓದು. ಮುರಿದ ಮಣಿಕಟ್ಟು ಕೂಡಿಕೊಂಡು ಏಳು ತಿಂಗಳಾಯಿತು. ಉರಿ ಮಾತ್ರ ಭುಜದವರೆಗೂ ಏರಿದೆ. ಮೂಳೆ ಸರಿಯಿದೆ, ನರಗಳೇ ನೋವನ್ನು ಮರೆಯುತ್ತಿಲ್ಲ ಎನ್ನುತ್ತಾರೆ ಡಾಕ್ಟರು. ಬಟ್ಟೆ ಸೋಕಿದರೂ ಕೆಂಡ ಇಟ್ಟ ಹಾಗಾಗುತ್ತದೆ. ಹೊಲಿಯುವವಳಿಗೆ ಬಟ್ಟೆಯೇ ಆಗದಂತಾಯಿತು, ನೋಡು!

ದಿನಾ ಅರ್ಧ ಗಂಟೆ ಬಲಗೈಯನ್ನು ಕನ್ನಡಿಯ ಹಿಂದೆ ಬಚ್ಚಿಟ್ಟು, ಎಡಗೈ ಆಡಿಸುತ್ತ ಅದರ ಬಿಂಬವನ್ನು ನೋಡಬೇಕು. ಅದೇ ಬಲಗೈ, ನೋವಿಲ್ಲದೆ ಆಡುತ್ತಿದೆ ಎಂದು ಮೆದುಳು ನಂಬಬೇಕಂತೆ. ನನಗೆ ಅಲ್ಲಿ ಕಾಣುವುದು, ಅಂಗಡಿಯಲ್ಲಿ ನನ್ನ ಮೆಷಿನ್ ಮೇಲೆ ಓಡಾಡುತ್ತಿರುವ ನಿನ್ನ ಕೈ.

ನಿನ್ನೆ ಬ್ಯಾಂಕಿನ ಮೇಡಂ ನೋಡಲು ಬಂದಿದ್ದರು. "ನಿಮ್ ತಂಗಿ ಕೈ ನಿಮಗಿಂತ ನೀಟು ಕಣ್ರೀ" ಅಂದರು. ನಕ್ಕೆ. ಅವರು ಕೂತಿದ್ದಷ್ಟು ಹೊತ್ತೂ, ನೀನು ಹೊಲಿದ ಅವರ ಕಾಲರಿನಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಆ ಸಿಟ್ಟಿಗೆ ಊಟ ಸೇರಲಿಲ್ಲ.

ಇರಲಿ. ನನಗೆ ಎರಡು ಅಂಗಿ ಹೊಲಿದು ಕಳಿಸು. ಬಲತೋಳು ಬೇಡ, ಕಂಕುಳ ಅಂಚನ್ನು ಮೆತ್ತಗೆ ಮಡಿಸಿ ಹೊಲಿ. ಆದರೆ ಅದೇ ಬಟ್ಟೆಯಲ್ಲಿ ಎರಡು ಬಲತೋಳು ಕತ್ತರಿಸಿ, ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿರು. ಅವನ್ನು ನೀನು ಮುಟ್ಟಕೂಡದು. ನಾನೇ ಬಂದು ಜೋಡಿಸುತ್ತೇನೆ.

ನಿನ್ನ ಅಕ್ಕ