ಸೆಟ್ಟಿನ ಮೇಜಿಗೆ ಬಂದ ಬಿಸಿ ಸೂಪು

ಪ್ರೀತಿಯ ಅಡಿಲೀನ್‌ಗೆ, ನಿನ್ನ ಥೆರಾನ್ ಮೇಷ್ಟ್ರ ಆಶೀರ್ವಾದಗಳು.

ನಿನ್ನ ತಂದೆ ಓರಿನ್ ಕುರಿತು ಪತ್ರಿಕೆಗೆ ನೀನು ಬರೆದ ಲೇಖನದಲ್ಲಿ ಒಂದು ತಪ್ಪಿದೆ. ಸ್ಟುಡಿಯೋ ಒಡೆಯರಾದ ಹೆಲ್ಮರ್ ಅವರು ಸೆಟ್ಟಿನ ಸೂಪನ್ನು ಕುಡಿದು ಕೆಮ್ಮಿದರೆಂದು ಬರೆದಿರುವೆ. ಅವರು ಕುಡಿಯಲಿಲ್ಲ, ಕುಡಿಯಲು ನಿನ್ನ ತಂದೆ ಬಿಡಲಿಲ್ಲ. ನಟರಿಗೆ ಉಚ್ಚಾರಣೆ ಕಲಿಸುವ ಮೇಷ್ಟ್ರಾಗಿ ನಾನು ಅಂದು ಅಲ್ಲಿಯೇ ಇದ್ದೆ.

ದಿವಾಳಿಯಾದ ಶ್ರೀಮಂತನೊಬ್ಬ ಹೋಟೆಲ್ ಮಾಣಿಯ ವೇಷದಲ್ಲಿ ಬದುಕುವ ಹಾಸ್ಯಚಿತ್ರ ಅದು. ಅರ್ಧ ಮುಗಿದಿತ್ತು. ಹಣ ಹಾಕಿದ ಇಬ್ಬರು ಬ್ಯಾಂಕಿನವರು ಅದನ್ನು ನಿಲ್ಲಿಸಲೆಂದೇ ಹೆಲ್ಮರ್ ಜೊತೆ ಬಂದಿದ್ದರು. ಅವರಲ್ಲಿ ಹಿರಿಯನಾದವನು ಚಿತ್ರದ ನಿರ್ದೇಶಕ ಕಾಸ್ಪರ್‌ನನ್ನು, "ಕೋಟು ಬದಲಾಯಿಸಿದ್ರೆ ಆಳೇ ಗುರುತು ಸಿಗಲ್ವೇನ್ರೀ? ನೋಡೋರೇನು ಕುರುಡರಾ?" ಎಂದು ಕೇಳಿದ. ಚಿತ್ರ ನಿಂತರೆ ಸೆಟ್ಟಿನಲ್ಲಿದ್ದವರೆಲ್ಲ ಅಂದೇ ಬೀದಿಪಾಲು.

ಹೆಲ್ಮರ್ ಸೆಟ್ಟಿನ ಹೋಟೆಲ್ ಮೇಜಿಗೇ ಅತಿಥಿಗಳನ್ನು ಕೂರಿಸಿ, ಎಕ್ಸ್‌ಟ್ರಾ ನಟರ ಸಾಲಿನಲ್ಲಿ ಮಾಣಿಯ ಕರಿಕೋಟು ತೊಟ್ಟು ನಿಂತಿದ್ದ ನಿನ್ನ ತಂದೆಗೆ, "ಏನಪ್ಪಾ, ಮೂವರಿಗೂ ಸೂಪ್ ಬಡಿಸು," ಎಂದರು. ಹಸಿದ ಎಕ್ಸ್‌ಟ್ರಾಗಳು ಮುಟ್ಟದಿರಲೆಂದು, ಚಿತ್ರೀಕರಣಕ್ಕಿಟ್ಟ ಆ ಸೂಪಿಗೆ ಸೀಮೆಎಣ್ಣೆ ಸಿಂಪಡಿಸಿರುತ್ತಿದ್ದರು. ನಿನ್ನ ತಂದೆ ಪಾತ್ರೆಯನ್ನೆತ್ತಿಕೊಂಡು, "ತಣ್ಣಗಾಗಿದೆ ಸಾರ್, ಬಿಸೀದು ತರ್ತೀನಿ," ಎಂದು ಬಾಗಿ, ಗಂಭೀರವಾಗಿ ಹೊರನಡೆದನು. ಬಾಗಿಲು ದಾಟಿದ ಮೇಲೆ ಕ್ಯಾಂಟೀನಿನವರೆಗೆ ಓಡಿದನು. ಮರಳಿದಾಗ ತಟ್ಟೆಯಲ್ಲಿ ಒಂದು ಹನಿಯೂ ತುಳುಕಿರಲಿಲ್ಲ.

ಸೂಪು ಸವಿದ ಬ್ಯಾಂಕಿನ ಹಿರಿಯನು ಕಾಸ್ಪರ್‌ಗೆ, "ಮಾಣಿ ಅಂದ್ರೆ ಇವನು ಕಣ್ರೀ. ನಿಮ್ಮ ನಟರಿಗೆ ಈ ನಡಿಗೆ ಬರುತ್ತಾ?" ಎಂದ.

"ಅವನೂ ನಮ್ಮ ನಟನೇ ಸಾರ್. ಹೋಟೆಲಲ್ಲಿ ಒಂದು ದಿನಾನೂ ದುಡಿದೋನಲ್ಲ," ಎಂದ ಕಾಸ್ಪರ್.

ಹಿರಿಯ ತನ್ನ ಚಮಚವನ್ನೇ ನೋಡುತ್ತ ಕುಳಿತ. ಅವನ ಜೊತೆಗಾರ ನಕ್ಕ. ಆಮೇಲೆ ಹಿರಿಯನಿಗೂ ನಗು ತಡೆಯಲಾಗಲಿಲ್ಲ. "ಹಾಳಾಗ್ಲಿ, ಮುಗಿಸಿ," ಎಂದ.

ಆ ಚಿತ್ರವನ್ನು ಈಗಲೂ ನೋಡುತ್ತೇನೆ. ನಾಯಕ ತನ್ನ ತಾಯಿಗೇ ಊಟ ಬಡಿಸುವಾಗ ಆಕೆ ಅವನ ತೋಳನ್ನು ನೋಡುತ್ತಾಳೆ, ಮುಖವನ್ನು ನೋಡುವುದಿಲ್ಲ. ವೇಷದ ಕಥೆಗಳಲ್ಲಿ ಇಷ್ಟು ನಿಜವಾದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ನಾಯಕನು ನಡೆಯುವುದು ನಿನ್ನ ತಂದೆಯ ನಡಿಗೆ; ಅವನಿಂದಲೇ ಕಲಿತದ್ದು.

ನಿನ್ನ ಹಿತೈಷಿ,
ಥೆರಾನ್ ವೀಕ್ಸ್

ಮರೆತ ಮಾತು: ಹೆಲ್ಮರ್ ತೀರಿಕೊಳ್ಳುವ ಮುನ್ನ ನನ್ನೊಡನೆ ಹೀಗೆಂದರು: "ಸೆಟ್ಟಿನ ಮೇಜು ಯಾವುದು, ನಟ ಯಾರು ಅಂತ ನನಗೆ ಗೊತ್ತಿರಲಿಲ್ವೇನ್ರೀ ಮೇಷ್ಟ್ರೇ? ಬರೀ ಕೋಟು ನೋಡಿ ಬ್ಯಾಂಕಿನೋರು ಬೇಸ್ತುಬೀಳಬೇಕಿತ್ತು. ಬಡಿಸೋ ಹೊತ್ತಿಗೆ ನಾನೇ ತಡೀತಿದ್ದೆ. ಅಷ್ಟರಲ್ಲಿ ಆ ಮನುಷ್ಯ ನಿಜವಾದ ಊಟಾನೇ ತಂದುಬಿಟ್ಟ. ನನ್ನ ನಾಟಕದಲ್ಲಿ ಅದನ್ನ ನಾನು ಬರೆದಿರಲಿಲ್ಲ." ಈ ಮಾತನ್ನು ನಿನ್ನ ತಂದೆಗೆ ತಲುಪಿಸುವಷ್ಟರಲ್ಲಿ ಅವನೂ ಇರಲಿಲ್ಲ. ಆದ್ದರಿಂದ ನಿನಗೆ.

ಪಸಡೀನಾ, ೯ ಮಾರ್ಚ್ ೧೯೫೮, ಭಾನುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ.