ತೋಫು ಅಂಗಡಿಯ ಕೊನೆಯ ಹದಿಮೂರು ಪುಟ

ಕೆಸೆನ್ನುಮಾ ಬಂದರು
ಫೆಬ್ರುವರಿ ೨೪, ೧೯೯೬, ಮಧ್ಯಾಹ್ನ ಎರಡೂಕಾಲು

ಪ್ರೀತಿಯ ಕೋಹೇಯ್,

ಹೇಗಿದ್ದೀಯಪ್ಪಾ? ಎಡ ಮಣಿಕಟ್ಟಿನ ನೋವು ಇಳಿಯಿತೇ? ಟ್ಯೂನಾ ಹಿಡಿಯುವ ಗಾಳದ ಹಗ್ಗ ಎಳೆಯುವುದೆಂದರೆ ಏನೆಂದು ನನಗೆ ಗೊತ್ತು. ಮೂವತ್ತೊಂದು ವರ್ಷ ನಾನೂ ಎಳೆದವನೇ. ಮಲಗುವಾಗ ಬಿಸಿಬಟ್ಟೆ ಸುತ್ತಿಕೋ. ಇಲ್ಲಿ ನಾನು, ನಿನ್ನ ಹೆಂಡತಿ ಮಿಸಾವೊ ಇಬ್ಬರೂ ಆರೋಗ್ಯವಾಗಿದ್ದೇವೆ. ಹಿಮ ಬೀಳುತ್ತಿದೆ, ವಾಯವ್ಯದ ಗಾಳಿ. ಇದನ್ನು ಹಡಗಿನ ಕಚೇರಿಯ ಉಗ್ರಾಣದಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಮೂರು ಗಂಟೆಗೆ ವಿಮಾನ ನಿಲ್ದಾಣಕ್ಕೆ ವ್ಯಾನು ಹೊರಡುತ್ತದೆ. ನಿಮ್ಮ ಎಂಜಿನ್ ನೋಡಲು ಕೇಪ್‌ಟೌನಿಗೆ ಹೋಗುತ್ತಿರುವ ಮೆಕ್ಯಾನಿಕ್ ತೊಕೊರೋ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಾನೆ. ನಿಮ್ಮ ಹಡಗು ಇಪ್ಪತ್ತೆಂಟಕ್ಕೆ ಅಲ್ಲಿನ ಬಂದರು ಮುಟ್ಟುತ್ತದಂತೆ. ಅಕ್ಷರ ಸೊಟ್ಟಗಾದರೆ ಕ್ಷಮಿಸು, ಬೆರಳು ಮರಗಟ್ಟಿವೆ.

ನಿನ್ನ ಅಮ್ಮನ ಆ ತಮಾಷೆಯ ಚಿತ್ರಪುಸ್ತಕಗಳು ನೆನಪಿವೆಯಲ್ಲ? ತೋಫು ಮಾರುವ ಮನೆಯವರದು, ಪುಟಕ್ಕೆ ನಾಲ್ಕು ಚೌಕ. ಓದಿ ಮುಗಿಸಿದ್ದನ್ನೆಲ್ಲ ನಿನ್ನ ಪೆಟ್ಟಿಗೆಗೆ ಹಾಕಿ ಕಳಿಸುತ್ತಿದ್ದಳು. ಈಚೆಗೆ ಶುರುವಾದ ಹೊಸ ಸರಣಿಯ ಒಂಬತ್ತು ಪುಸ್ತಕಗಳನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅರವತ್ತು ದಾಟಿದ ಹೆಂಗಸು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕಿಸಕ್ಕನೆ ನಕ್ಕರೆ ನಾನು ಸುಮ್ಮನಿರುತ್ತಿರಲಿಲ್ಲ. "ಮೊಮ್ಮಗಳು ಹುಟ್ಟಿದ್ರೆ ಅವಳ ಪುಸ್ತಕಾನೂ ಕಿತ್ಕೊಂಡು ಓದ್ತೀಯ ನೀನು" ಎನ್ನುತ್ತಿದ್ದೆ. "ರೀ, ನೀವು ವರ್ಷಗಟ್ಟಲೆ ಸಮುದ್ರದಲ್ಲಿದ್ರಿ. ಈ ಮನೇಲಿ ನನ್ ಜೊತೆ ಇದ್ದಿದ್ದು ಇವ್ರೇ" ಎಂದಳು ಒಂದು ಸಲ. ಅದನ್ನೂ ನಗುನಗುತ್ತಲೇ ಹೇಳಿದಳು.

ಆಸ್ಪತ್ರೆಗೆ ಹೋಗುವಾಗ ಒಂಬತ್ತನೆಯ ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡಿದ್ದಳು. ಕೊನೆಯ ವಾರ ಅದನ್ನು ನನ್ನ ಕೈಗೆ ಕೊಟ್ಟು, "ಇನ್ನು ಹದಿಮೂರೇ ಪುಟ. ಬೇಕೂಂತ ಉಳಿಸಿಕೊಂಡಿದ್ದೀನಿ, ಮನೆಗೆ ಬಂದು ಓದ್ತೀನಿ" ಎಂದಳು. ಬರಲಿಲ್ಲ. ಗಾಜು ಸುಡುವುದಿಲ್ಲ ಎಂದು ಚಿತಾಗಾರದವರು ಕನ್ನಡಕವನ್ನು ಶವಪೆಟ್ಟಿಗೆಯಲ್ಲಿ ಇಡಲು ಬಿಡಲಿಲ್ಲ. ಅದು ಈಗ ಮನೆಯ ಬುದ್ಧಪೀಠದಲ್ಲಿದೆ. ಕನ್ನಡಕವಿಲ್ಲದೆ ಅವಳಿಗೆ ಸೊಳ್ಳೆಗೂ ಹಡಗಿಗೂ ವ್ಯತ್ಯಾಸ ತಿಳಿಯದು.

ಹೇಳಲು ನಾಚಿಕೆ. ಏಳನೆಯ ದಿನದ ಪೂಜೆ ಮುಗಿದ ಮೇಲೆ, ಮಿಸಾವೊ ಮೀನಿನ ಕಾರ್ಖಾನೆಗೆ ಹೊರಟೊಡನೆ, ಬಾಗಿಲು ಹಾಕಿಕೊಂಡು ನಿನ್ನ ಅಮ್ಮನ ಪಟದ ಮುಂದೆ ಆ ಪುಸ್ತಕಗಳನ್ನು ಓದತೊಡಗಿದೆ. ಮೊದಲನೆಯದರಿಂದ, ಗಟ್ಟಿಯಾಗಿ. ಬರೀ ಮಾತು ಓದಿದರೆ ಏನೂ ತಿಳಿಯುವುದಿಲ್ಲ, ಚಿತ್ರವನ್ನೂ ಹೇಳಬೇಕು. "ಈಗ ನೋಡೇ, ಬೆಕ್ಕು ತೋಫು ಅಂಗಡಿ ಮಾವನ ಟೋಪಿಯೊಳಗೆ ಮಲ್ಕೊಂಡಿದೆ. ಮಾವನಿಗೆ ಗೊತ್ತಿಲ್ಲ. ಮೂರನೇ ಚೌಕದಲ್ಲಿ ಟೋಪಿ ಹಾಕ್ಕೊಂಡ. ನಾಲ್ಕನೇದ್ರಲ್ಲಿ ಗಿರಾಕಿಗೆ ತಲೆ ಬಾಗಿಸಿ ನಮಸ್ಕಾರ ಮಾಡ್ದ, ಬೆಕ್ಕು ಹೋಗಿ ತೋಫು ತೊಟ್ಟೀಲಿ ಬಿತ್ತು." ನನಗೆ ನಗು ಬರಲಿಲ್ಲ. ಆದರೆ ಅಷ್ಟು ಹೊತ್ತು ಎದೆ ಹಗುರವಾಗಿರುತ್ತಿತ್ತು. ಜೀವ ಮನೆಯ ಸುತ್ತ ಇರುವುದು ನಲವತ್ತೊಂಬತ್ತನೆಯ ದಿನದವರೆಗೆ. ಅದು ಮಾರ್ಚ್ ಮೂರಕ್ಕೆ. ಅಷ್ಟರಲ್ಲಿ ಆ ಹದಿಮೂರು ಪುಟ ಮುಗಿಸಿ ಕಳಿಸಿಕೊಡಬೇಕು ಎಂದುಕೊಂಡಿದ್ದೆ. ನಿನ್ನೆ ಎಂಟನೆಯದು ಮುಗಿಯಿತು. ಒಂಬತ್ತನೆಯದನ್ನು ತೆಗೆದು ಅನ್ನದ ಬಟ್ಟಲಿನ ಪಕ್ಕದಲ್ಲಿ ಅವಳ ಮುಂದಿಟ್ಟೆ.

ಇವತ್ತು ಬೆಳಿಗ್ಗೆ ನೋಡಿದರೆ ಪುಸ್ತಕವಿಲ್ಲ. ಪೀಠದ ಹಿಂದೆ, ಹಾಸಿಗೆಯ ಕೆಳಗೆ, ಅಕ್ಕಿಯ ಡಬ್ಬದಲ್ಲಿ ಕೂಡ ಹುಡುಕಿದೆ. ಮಿಸಾವೊ ಮಧ್ಯಾಹ್ನದ ಊಟಕ್ಕೆ ಬಂದಾಗ ವಿಧಿಯಿಲ್ಲದೆ ಕೇಳಿದೆ. ಕಿತ್ತಳೆಯನ್ನೂ ಅಕ್ಕಿ ಬಿಸ್ಕತ್ತನ್ನೂ ಇಳಿಸಿದ ಹಾಗೆಯೇ ಅದನ್ನೂ ಇಳಿಸಿದಳಂತೆ. ಸತ್ತವರ ಮುಂದೆ ಇಟ್ಟದ್ದನ್ನು ಇಳಿಸಿ ಮನೆಯವರು ಹಂಚಿಕೊಳ್ಳಬೇಕಲ್ಲ? ನಿನ್ನ ಪಾಲು ನಿನ್ನ ಪೆಟ್ಟಿಗೆಗೆ ಹೋಯಿತು. ಅದು ಬೆಳಿಗ್ಗೆಯೇ ಇಲ್ಲಿಗೆ ಬಂದು, ಎಲ್ಲ ಮನೆಗಳ ಸಾಮಾನು ತುಂಬುವ ದೊಡ್ಡ ಪೆಟ್ಟಿಗೆಯೊಳಗೆ ಸೇರಿಬಿಟ್ಟಿತು. ಸೊಸೆ ಮಾಡಿದ್ದು ಪದ್ಧತಿಯಂತೆಯೇ, ಏನೆಂದು ಬೈಯಲಿ?

ಇಬ್ಬರೂ ಇಲ್ಲಿಗೆ ಧಾವಿಸುವಾಗ ಹಿಮದಲ್ಲಿ ನಮ್ಮ ಸಣ್ಣ ಲಾರಿ ಎರಡು ಸಲ ಜಾರಿತು. ಸ್ಟೀರಿಂಗ್ ಬಿಗಿಹಿಡಿದುಕೊಂಡೇ ಅವಳು, "ಮಾವಾ, ಮೊದ್ಲೇ ಹೇಳಬಾರ್ದಿತ್ತಾ? ನಾನೇನು ನಗ್ತಿದ್ನಾ?" ಎಂದಳು. "ನಗ್ತಿದ್ದೆ" ಎಂದೆ. ಸ್ವಲ್ಪ ದೂರ ಹೋದ ಮೇಲೆ, "ಹೌದು, ನಗ್ತಿದ್ದೆ" ಎಂದು ಅಳತೊಡಗಿದಳು. ದಾರಿಯಲ್ಲಿ ಸ್ಟೇಷನ್ ಎದುರಿನ ಪುಸ್ತಕದಂಗಡಿಯಲ್ಲಿ ಇಳಿದು ಕೇಳಿದೆವು. ಒಂಬತ್ತನೆಯದು ಖಾಲಿ, ಮರುಮುದ್ರಣ ಏಪ್ರಿಲಿಗೆ.

ಇಲ್ಲಿನ ಗುಮಾಸ್ತ ಕಜಿವಾರಾ ಒಳ್ಳೆಯವನೇ. ಆದರೆ, "ಯಜಮಾನ್ರೇ, ಮೊಳೆ ಹೊಡೆದಾಯ್ತು, ಕಸ್ಟಮ್ಸ್ ಪಟ್ಟಿಗೆ ಮುದ್ರೆನೂ ಬಿತ್ತು. ಇಪ್ಪತ್ತೆರಡು ಮನೆ ಸಾಮಾನು ಇದೆ ಒಳಗೆ. ಒಂದು ಕಾಮಿಕ್ಸಿಗೆ ಒಡೆಯೋದಾ?" ಎಂದ. ನಾನು ತಲೆ ಬಾಗಿಸಿ ನಿಂತೆ. ಅವನೂ ತಲೆ ಬಾಗಿಸಿ ನಿಂತ. ಗಡಿಯಾರ ಮಾತ್ರ ನಿಲ್ಲಲಿಲ್ಲ. ಈಗ ಆ ದೊಡ್ಡ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದಾರೆ.

ನೀನು ಅಂತ್ಯಕ್ರಿಯೆಗೆ ಬರಲಾಗಲಿಲ್ಲವೆಂದು ಕೊರಗಬೇಡ. ನನ್ನ ಅಪ್ಪ ಸತ್ತಾಗ ನಾನೂ ಸಮುದ್ರದಲ್ಲಿದ್ದೆ. ಹಡಗಿನ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಗಾಳ ಎಸೆಯುವಾಗ ಎಚ್ಚರ. ನಿನ್ನ ಅಮ್ಮ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಗೆನ್ಸಾಕು

ಮುಖ್ಯವಾದದ್ದನ್ನೇ ಮರೆತಿದ್ದೆ, ತೊಕೊರೋ ಆಗಲೇ ಶೂ ಹಾಕಿಕೊಳ್ಳುತ್ತಿದ್ದಾನೆ. ಪುಸ್ತಕವನ್ನು ವಾಪಸು ಕಳಿಸಬೇಡ. ಪೆಟ್ಟಿಗೆ ಕೈಗೆ ಸಿಕ್ಕ ಕೂಡಲೇ ಒಡೆ. ಪುಸ್ತಕ ಹಡಗಿನ ಊಟದ ಕೋಣೆಗೆ ಹೋದರೆ ಕೈಯಿಂದ ಕೈಗೆ ದಾಟಿ ಮತ್ತೆ ಸಿಗುವುದಿಲ್ಲ. ಪುಟದ ನಡುವೆ ಅಮ್ಮ ಊಟದ ಕಡ್ಡಿಯ ಕಾಗದದ ಚೀಲ ಗುರುತಿಗೆ ಸಿಕ್ಕಿಸಿದ್ದಾಳೆ, ಅಲ್ಲಿಂದ ಶುರು. ಮಾರ್ಚ್ ಎರಡರ ಸಂಜೆ, ಊಟವಾದ ಮೇಲೆ (ಇಲ್ಲಿ ಆಗ ಮೂರನೆಯ ತಾರೀಕು ಹುಟ್ಟಿರುತ್ತದೆ), ಹಡಗಿನ ಡೆಕ್ಕಿನ ಮೇಲೆ ಬಂದು ಮನೆಯ ದಿಕ್ಕಿಗೆ ತಿರುಗಿ ಗಟ್ಟಿಯಾಗಿ ಓದು. ಹುಡುಗರು ಗೇಲಿ ಮಾಡಿದರೆ ಮಾಡಲಿ. ಒಂದೊಂದು ಚೌಕದ ಚಿತ್ರವನ್ನೂ ಬಿಡಿಸಿ ಹೇಳು, ಬೆಕ್ಕು ಎಲ್ಲಿದೆ ಎಂಬುದನ್ನು ಬಿಡಬೇಡ. ಅವಳ ಕನ್ನಡಕ ಇಲ್ಲೇ ಇದೆ.